ಬೀಗರ ಮೂಲಪುರುಷ

ಸೇಂಟ್ ಲೂಸಿಯಾ, ಬ್ರಿಸ್ಬೇನ್
೧೪ ಆಗಸ್ಟ್ ೨೦೧೬

ಮುದ್ದಿನ ನಿಖಿಲನಿಗೆ,

ಹೇಗಿದ್ದೀಯ ಮಗನೆ? ಪರ್ತಿನ ಚಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೆ? ಸಂಜೆ ನದಿ ದಂಡೆಯಲ್ಲಿ ಓಡುವುದನ್ನು ಸ್ವಲ್ಪ ದಿನ ನಿಲ್ಲಿಸು. ನಾನೂ ಮೇಗನ್ನೂ ಇಲ್ಲಿ ಚೆನ್ನಾಗಿದ್ದೇವೆ, ಪರ್ತಿನ ನಿನ್ನ ಕೆಲಸ ಮುಗಿಯುವುದನ್ನೇ ಕಾಯುತ್ತಿದ್ದೇವೆ. ನಿನ್ನ ಹೆಂಡತಿ ಈಗ ನನಗಿಂತ ತೆಳ್ಳಗೆ ಹೋಳಿಗೆ ತಟ್ಟುತ್ತಾಳೆ, ಹೊಟ್ಟೆಕಿಚ್ಚಿದ್ದರೂ ಹೇಳುತ್ತಿದ್ದೇನೆ. ಫೋನಿನಲ್ಲಾದರೆ ಅವಳ ಅಪ್ಪನ ಹೆಸರೆತ್ತಿದ ಕೂಡಲೇ ನೀನು ಮಾತು ಬದಲಿಸುತ್ತೀಯ, ಅದಕ್ಕೇ ಈ ಕಾಗದ.

ಹೋದ ವಾರ ನಾವಿಬ್ಬರೂ ಅಡಿಲೇಡಿಗೆ ಹೋಗಿದ್ದೆವು. ಬೀಗರು ತಮ್ಮ ಮೂಲಪುರುಷ ಐಸಾಕನ ಕಥೆಯನ್ನು ಹುಡುಕಿಸುತ್ತಿದ್ದದ್ದು ನಿನಗೆ ಗೊತ್ತಲ್ಲ. ಅಮೆರಿಕ ಇನ್ನೂ ಇಂಗ್ಲಿಷರ ಕೈಯಲ್ಲಿದ್ದಾಗ ಬಾಸ್ಟನ್ನಿನಲ್ಲಿ ಹಡಗಿನ ಕ್ಯಾಪ್ಟನ್ ಆಗಿದ್ದನೆಂದು ಆ ಮನೆಯವರೆಲ್ಲ ನಂಬಿದ್ದರು. ಮದುವೆಗೆ ಮುಂಚೆ ಬೀಗರು ನಿನ್ನನ್ನು ಎದುರಿಗೆ ಕೂರಿಸಿಕೊಂಡು, ಈ ಹುಡುಗನ ವಂಶ ಯಾವುದೋ ಯಾರಿಗೆ ಗೊತ್ತು ಎಂದದ್ದು ಇದೇ ಐಸಾಕನ ಜಂಬದಲ್ಲಿ. ಅವರು ಮದುವೆಗೆ ಬರಲಿಲ್ಲ. ನೀನು ಆಮೇಲೆ ಅವರ ಹೊಸಿಲು ತುಳಿಯಲಿಲ್ಲ.

ಅಲ್ಲಿಯ ಇತಿಹಾಸ ಸಂಘದ ಹೆಂಗಸೊಬ್ಬರು ಮನೆಗೇ ಬಂದು, ಕೊಟ್ಟ ಚಹಾ ಮುಟ್ಟದೆ, ನಿಧಾನವಾಗಿ ಎಲ್ಲ ಹೇಳಿದರು. ಐಸಾಕ್ ಕ್ಯಾಪ್ಟನ್ನೇ ಅಲ್ಲ. ವರ್ಜೀನಿಯಾದ ಹೊಗೆಸೊಪ್ಪಿನ ತೋಟದಲ್ಲಿ ಗುಲಾಮಳೊಬ್ಬಳ ಹೊಟ್ಟೆಯಲ್ಲಿ ಹುಟ್ಟಿದ ಕಪ್ಪು ಜನರ ಹುಡುಗ. ಅಮೆರಿಕದವರು ಸ್ವಾತಂತ್ರ್ಯಕ್ಕಾಗಿ ಯುದ್ಧಕ್ಕೆ ನಿಂತಾಗ, ಗುಲಾಮಗಿರಿಯಿಂದ ಬಿಡುಗಡೆಯ ಆಸೆಗೆ ಇಂಗ್ಲಿಷರ ಪಡೆ ಸೇರಿದ. ಸೋತವರ ಜೊತೆ ಲಂಡನ್ನಿಗೆ ಹೋಗಿ, ಹಸಿವು ತಾಳಲಾರದೆ ಒಂದು ಕೋಟು ಕದ್ದು, ಗಡೀಪಾರಾದ ಕೈದಿಯಾಗಿ ಸಿಡ್ನಿಗೆ ಬಂದ. ಶಿಕ್ಷೆ ಮುಗಿದ ಮೇಲೆ ಜಮೀನು ಮಾಡಿಕೊಂಡು ಮಕ್ಕಳು ಮರಿಯನ್ನು ಸಾಕಿದ. ಕ್ಯಾಪ್ಟನ್ನಿನ ಕಥೆ ಕಟ್ಟಿದವನು ಅಡಿಲೇಡಿಗೆ ಬಂದು ನೆಲೆಸಿದ ಅವನ ಮೊಮ್ಮಗನಂತೆ.

ಬೀಗರು ಎದ್ದು ಹಿತ್ತಲಿಗೆ ಹೋದರು. "ಅತ್ತೆ, ಡ್ಯಾಡ್ ಊಟ ಬೇಡ ಅಂತಾರೆ. ನೀವು ಹೋಗಿ ಕರೀತೀರಾ?" ಎಂದಳು ಮೇಗನ್. ಅವರು ನಿಂಬೆ ಗಿಡದ ಪಕ್ಕ ಕೂತಿದ್ದರು. ನಾಚಿಕೆಯಾಗಿದೆ ಪಾಪ ಎಂದುಕೊಂಡು ನನ್ನ ಹರಕು ಇಂಗ್ಲಿಷಿನಲ್ಲೇ ಸಮಾಧಾನ ಹೇಳಿದೆ. ಶ್ರಾದ್ಧದ ದಿನ ನಾವು ಮೂರು ತಲೆಮಾರಿನವರ ಹೆಸರು ಹೇಳುತ್ತೇವೆ, ಅದರಾಚೆ ಯಾರಿದ್ದರೋ ನಮಗೂ ತಿಳಿಯದು, ಆದರೂ ಎಲ್ಲರಿಗೂ ಸೇರಿಸಿ ನೀರು ಬಿಡುತ್ತೇವೆ ಎಂದೆ. 

"ನಾಚಿಕೆ ಅವನ ಬಗ್ಗೆ ಅಲ್ಲ, ನಾಗವೇಣಿ. ಅಷ್ಟು ಕಷ್ಟಪಟ್ಟು ಬಂದವನು ನಮ್ಮ ಮನೆಯವರಿಗೇ ಬೇಡವಾದ. ನಿಮ್ಮ ಮಗನಿಗೆ ನಾನು ಅಂದದ್ದು ನೆನಪಾಗ್ತಿದೆ," ಎಂದರು.

ನಾನು ಮೊಸರನ್ನ ತಂದು ಕೈಗಿಟ್ಟೆ. ಅಲ್ಲೇ ಕೂತು ಉಂಡರು. ನಿನ್ನ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ ಮಗು. ಆ ಮಾತಿಗೆ ನಾನೂ ಅತ್ತಿದ್ದೇನೆ. ಆದರೆ ಆ ಮುಖವನ್ನು ನೀನು ನೋಡಬೇಕಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಎಲ್ಲ ಒಳ್ಳೆಯದೇ ಆಗಲಿ.

ನಿನ್ನ ಅಮ್ಮ,
ನಾಗವೇಣಿ

ಮರೆತ ಮಾತು: ಬೀಗರು ಬರುವ ಶನಿವಾರ ಮಧ್ಯಾಹ್ನ ಒಬ್ಬರೇ ಪರ್ತಿಗೆ ಬರುತ್ತಿದ್ದಾರೆ. ನಿನಗೆ ತಿಳಿಸಬಾರದಂತೆ, ಬಾಗಿಲು ತೆಗೆಯದಿದ್ದರೆ ಹಾಗೇ ವಾಪಸು ಹೋಗುತ್ತಾರಂತೆ. ವಯಸ್ಸಾದವರು, ಮಂಡಿ ನೋವು ಬೇರೆ. ನಿಮ್ಮ ಕಟ್ಟಡದ ಲಿಫ್ಟ್ ಕೆಟ್ಟಿದೆ ಎಂದಿದ್ದೆಯಲ್ಲ, ಮೂರು ಮಹಡಿ ಒಬ್ಬರನ್ನೇ ಹತ್ತಿಸಬೇಡ. ನೀನೇ ಕೆಳಗಿಳಿದು ಹೋಗಿ ಕರೆದುಕೊಂಡು ಬಾ.