ಎಡಬದಿಯ ಹಿಂದಿನ ಬಾಗಿಲು

ಸುವೈಕ್
೧೯-೨-೧೯೯೩

ತಮ್ಮ ಲೋಕಯ್ಯನಿಗೆ ಅಣ್ಣ ಪೂವಪ್ಪನ ಆಶೀರ್ವಾದ.

ನಾನು ಇಲ್ಲಿ ಗಟ್ಟಿ ಇದ್ದೇನೆ. ನೀನೂ ಗಟ್ಟಿ ಇರು, ಈ ಕಾಗದ ಓದಿ ಮುಗಿಸಲು ಬೇಕಾಗುತ್ತದೆ. ನಿನ್ನ ಎರಡು ಕಾಗದಕ್ಕೆ ಉತ್ತರ ಬರೆಯಲಿಲ್ಲ. ಸೊಂಟನೋವು ಎನ್ನಬಹುದಿತ್ತು, ಸುಳ್ಳು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಫೋನು ಮಾಡಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

ನಿನ್ನೆ ನಿಮ್ಮ ಡ್ರೈವರ್ ಕುಂಞಮ್ಮದ್ ಪೆಟ್ಟಿಗೆ ಸಮೇತ ಬಂದ. "ಪೂವಪ್ಪಣ್ಣ, ಆ ಬಿಳಿಯನ ಹತ್ತಿರ ನಾನು ಗುಡ್ ಮಾರ್ನಿಂಗ್ ಬಿಟ್ಟು ಒಂದು ಶಬ್ದ ಹೇಳಿಲ್ಲ. ನನಗೆ ಬರುವುದೇ ಅಷ್ಟು ಅಲ್ವಾ? ಲೋಕಯ್ಯ ಸಾರ್ ನಮ್ಮ ಕಫೀಲ್ ಧಣಿಯ ಎದುರು ನನ್ನ ಕಡೆ ಬೆರಳು ತೋರಿಸಿದ್ರು. ಇನ್ನು ವೀಸಾ ಖಲಾಸ್" ಎಂದ. ಹೇಳುತ್ತಾ ಹೇಳುತ್ತಾ ನನ್ನ ಪಾತ್ರೆಯ ಗಂಜಿ ಪೂರ್ತಿ ಮುಗಿಸಿದ. ಎರಡು ದಿನದಿಂದ ಏನೂ ತಿಂದಿರಲಿಲ್ಲವಂತೆ.

ಕಾರಿನ ಗುಟ್ಟು ಬಿಟ್ಟುಕೊಟ್ಟದ್ದು ಅವನಲ್ಲ. ನಾನು. ಅಣ್ಣ ಬಾಯಿ ಬಿಡುವುದಿಲ್ಲ ಎಂದು ನೀನು ನಂಬಿದ್ದೆ, ಹಾಗಾಗಿ ನಿನ್ನ ಕೈಗೆ ಸಿಕ್ಕಿದ್ದು ಆ ಬಡಪಾಯಿ.

ಆ ರೋಲ್ಸ್ ರಾಯ್ಸಿನ ಚರಿತ್ರೆಯೆಂದು ನೀನು ಇಂಗ್ಲಿಷಿನಲ್ಲಿ ಟೈಪು ಮಾಡಿದ್ದನ್ನು ಇಲ್ಲಿನ ಔಷಧದಂಗಡಿಯ ಶ್ರೀನಿವಾಸಮೂರ್ತಿಯಿಂದ ಓದಿಸಿ ಕೇಳಿದೆ. ಬೇಟೆಗೆಂದು ಬೊಂಬಾಯಿಯಲ್ಲಿ ಹೇಳಿ ಮಾಡಿಸಿ ಬಾಡಿ ಕಟ್ಟಿಸಿದ ಕಾಠೇವಾಡದ ರಾಜನ ಹೆಸರಿದೆ. ಅವನಿಂದ ಕೊಂಡ ಹತ್ತಿ ವ್ಯಾಪಾರಿಯ ಹೆಸರಿದೆ. ಮಂಜಿ ಹಡಗಿನಲ್ಲಿ ಮಸ್ಕತ್ತಿಗೆ ತರಿಸಿದವನ ಹೆಸರಿದೆ. ಇದೇ ಸುವೈಕಿನ ಖರ್ಜೂರದ ತೋಟದಲ್ಲಿ ಅದನ್ನು ಹದಿನೆಂಟು ವರ್ಷ ಆಡು ಮಲಗಲು ಬಿಟ್ಟ ಅವನ ಮಗನ ಹೆಸರೂ ಇದೆ. ಎಂಬತ್ತಮೂರರಲ್ಲಿ ಕೊಂಡ ನಿನ್ನ ಕಫೀಲನಿಗೆ ಅರ್ಧ ಪುಟ. ಕೊನೆಗೆ, ಬಾಡಿ, ಸೀಟು ಎಲ್ಲ ರಾಜನ ಕಾಲದ್ದೇ, ಬೇರೆ ಯಾರ ಕೈಯೂ ತಾಗಿಲ್ಲ ಎಂದು.

ಯಾರ ಕೈಯೂ ತಾಗಿಲ್ಲವಾ? ಮಸ್ಕತ್ತಿನ ರೂವಿಯ ತಗಡಿನ ಶೆಡ್ಡಿನಲ್ಲಿ ಹದಿನಾಲ್ಕು ತಿಂಗಳು ನಾನು ಬಡಿದದ್ದು ಏನು, ತಪ್ಪಲೆಯಾ? ಗೆದ್ದಲು ತಿಂದ ಚೌಕಟ್ಟು ಕಿತ್ತು ಹೊಸ ಮರ ಕೂರಿಸಿದ್ದು ಯಾರು? ಎಡಬದಿಯ ಹಿಂದಿನ ಬಾಗಿಲು ಪೂರ್ತಿ ನನ್ನದು. ರಾಜನ ಬಾಗಿಲು ನನ್ನ ಕೋಳಿಗೂಡಿಗೆ ಮುಚ್ಚಳವಾಗಿದೆ. ಸೀಟು ಹೊಲಿದವಳು ನಿನ್ನ ಅತ್ತಿಗೆ ಹರಿಣಾಕ್ಷಿ. ಹಗಲಿಡೀ ಟೈಲರ್ ಅಂಗಡಿಯಲ್ಲಿ ಕೂತು ಬಂದು, ಸಂಜೆ ಚರ್ಮಕ್ಕೆ ಸೂಜಿ ಹಾಕುತ್ತಿದ್ದಳು. ನೀನು ಪಕ್ಕದಲ್ಲಿ ಕೂತು ಅವಳು ಹೊಯ್ದ ನೀರುದೋಸೆ ತಿನ್ನುತ್ತಿದ್ದೆ. ನಮ್ಮ ಮನೆಯಲ್ಲಿ ನೀನು ಉಂಡದ್ದು ಒಂದೆರಡು ದಿನವಲ್ಲ, ಆರು ವರ್ಷ.

ಕಾರು ಕೊಳ್ಳುವವರ ಕಡೆಯಿಂದ ಲಂಡನ್ನಿನ ಪರೀಕ್ಷಕ ಬರುತ್ತಾನೆ, ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ, ಬಾ ಎಂದು ನೀನು ಕರೆಸಿದೆ. ಬಂದೆ, ಸರಿ ಮಾಡಿದೆ. ತಮ್ಮನ ಕೆಲಸ ಉಳಿಯಲಿ, ಬಾಯಿ ಮುಚ್ಚಿಕೊಂಡು ಹೋಗೋಣ ಎಂದೇ ಇದ್ದೆ. ಇವನು ಯಾರು ಎಂದು ಆ ಬಿಳಿಯ ಕೇಳಿದಾಗ ನೀನು ನಕ್ಕು, "ಓಲ್ಡ್ ಮ್ಯಾನ್. ಓನ್ಲಿ ವಾಷಿಂಗ್" ಎಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಹೌದು. ಅಷ್ಟೂ ತಿಳಿಯದ ಕತ್ತೆಯಲ್ಲ.

ನೀನು ಫೋನು ಬಂತೆಂದು ಒಳಗೆ ಹೋದೆ, ಕುಂಞಮ್ಮದ್ ಚಹಾ ತರಲು ಹೋದ. ನಾನು ಸ್ಕ್ರೂಡ್ರೈವರ್ ಎತ್ತಿಕೊಂಡು ನನ್ನ ಬಾಗಿಲಿನ ಒಳಹೊದಿಕೆ ಬಿಚ್ಚಿದೆ. ಒಳಗೆ ಉಳಿಯಲ್ಲಿ ಕೊರೆದದ್ದು ಹಾಗೇ ಇತ್ತು: ಪೂವಪ್ಪ, ರೂವಿ, 1984. ಬಿಳಿಯ ಟಾರ್ಚು ಹಾಕಿದ. ಕನ್ನಡ ಬಾರದಿದ್ದರೂ ಇಸವಿ ಓದಲು ಬಂತು. ನಾನು ಎದೆ ತಟ್ಟಿ ತೋರಿಸಿದೆ. ಅವನು ನನ್ನ ಕೈ ಕುಲುಕಿ ಪುಸ್ತಕದಲ್ಲಿ ಬರೆದುಕೊಂಡ. ನೀನು ಹೊರಗೆ ಬರುವಷ್ಟರಲ್ಲಿ ಸ್ಕ್ರೂಗಳೆಲ್ಲ ವಾಪಸು ಕೂತಿದ್ದವು. ವ್ಯಾಪಾರ ಮುರಿಯಿತೆಂದು ಕೇಳಿದ ದಿನ ಇಲ್ಲಿ ಒಂದು ಕೋಳಿ ಕೊಯ್ದು ಸುಕ್ಕ ಮಾಡಿ ಉಂಡೆ. ಸುಳ್ಳು ಯಾಕೆ, ರುಚಿಯಾಗಿತ್ತು.

ಈ ಕಾಗದವನ್ನು ಕಫೀಲನ ಎದುರು ನೀನೇ ಅರಬಿಯಲ್ಲಿ ಓದಿ ಹೇಳಬೇಕು. ಇದನ್ನು ತರುವವನು ಕುಂಞಮ್ಮದನೇ. ಅವನಿಗೆ ಕನ್ನಡ ಓದಲು ಬಾರದು, ನಿನ್ನ ಮರ್ಯಾದೆ ದಾರಿಯಲ್ಲಿ ಹೋಗುವುದಿಲ್ಲ. ಅವನನ್ನು ಅದೇ ಸ್ಟೇರಿಂಗಿಗೆ ಕೂರಿಸು. ಇಲ್ಲವಾದರೆ ಬರುವ ಶುಕ್ರವಾರ ಕೋಳಿಗೂಡಿನ ಬಾಗಿಲನ್ನು ಪಿಕಪ್ಪಿಗೆ ಹಾಕಿಕೊಂಡು ನಾನೇ ಕಫೀಲನ ಮನೆಗೆ ಬರುತ್ತೇನೆ. ನಿನ್ನ ಕೆಲಸ ಹೋದರೆ ಸುವೈಕಿಗೆ ಬಾ. ಟಿಂಕರಿಂಗ್ ಕಲಿಸುತ್ತೇನೆ. ಕಾರು ತೊಳೆಯುವುದರಿಂದ ಶುರು ಮಾಡಬಹುದು.

ನಿನ್ನ ಹೆಂಡತಿ ವಿನೋದಾಳ ಮೇಲೆ ರೇಗಬೇಡ, ಅವಳಿಗೆ ಇದೇನೂ ಗೊತ್ತಿಲ್ಲ. ಮಕ್ಕಳು ಸುಖವಾಗಿ ಬೆಳೆಯಲಿ. ನಿನಗೂ ಒಳ್ಳೆಯದಾಗಲಿ. ಶಾಪ ಬರೆಯಲೆಂದೇ ಕೂತಿದ್ದೆ, ಅಮ್ಮನ ನೆನಪಾಗಿ ಬಿಟ್ಟೆ.

ನಿನ್ನ ಅಣ್ಣ,
ಪೂವಪ್ಪ

ಇನ್ನೊಂದು ಮಾತು. ತೊಳೆಯುವವನು ಎಂದದ್ದಕ್ಕೆ ನಾನು ಬಾಗಿಲು ಬಿಚ್ಚಿದ್ದಲ್ಲ. ಅದನ್ನು ನುಂಗಿದ್ದೆ. ನೀನು ಒಳಗೆ ಹೋದ ಮೇಲೆ ಬಿಳಿಯ ಮೊದಲು ಹಿಂದಿನ ಸೀಟು ಎತ್ತಲು ಸನ್ನೆ ಮಾಡಿದ. ಅಡಿಯ ಖಾಕಿ ಬಟ್ಟೆಯಲ್ಲಿ ಹರಿಣಾಕ್ಷಿ ಕೆಂಪು ನೂಲಿನಲ್ಲಿ ಹೆಸರು ಹೊಲಿದಿದ್ದಳಲ್ಲ, ಅದನ್ನು ನೋಡುವ ಆಸೆಯಿಂದ ನಾನು ಕೂಡಲೇ ಎತ್ತಿದೆ. ಅವಳು ತೀರಿಹೋಗಿ ಐದು ವರ್ಷ, ಅವಳು ಬರೆದದ್ದು ಎಂದು ನನ್ನ ಹತ್ತಿರ ಬೇರೇನೂ ಇಲ್ಲ. ಅಲ್ಲಿ ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿದ ತೂತು ಇತ್ತು. ಅದು ಅಲ್ಲಿದೆ ಎಂದು ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಆ ಚೂರು ಇದ್ದರೆ ಕುಂಞಮ್ಮದನ ಕೈಯಲ್ಲಿ ಕೊಡು. ಬಿಸಾಡಿದ್ದರೆ ನನಗೆ ಏನೂ ಬರೆಯಬೇಡ. ಅದರಲ್ಲಿ ಅವಳು ಮೂರು ಹೆಸರು ಹೊಲಿದಿದ್ದಳು. ಮೊದಲನೆಯದು ನಿನ್ನದು.