ಅವಳಿ ತಂಗಿಯ ಪಾತ್ರ

ಅಪ್ಪಾ,

ನೀನು ಹಾರ್ಮೋನಿಯಂ ಹಿಡಿದು ಕೂತರೆ ರಂಗದ ಮೇಲೆ ರಾಣಿಯಾಗಿ, ಕಳ್ಳನಾಗಿ, ಹುಚ್ಚಿಯಾಗಿ ಹಾಡುತ್ತಿದ್ದವಳು ನಾನು. ನೀನು ಹೋದ ಮೇಲೆ ಸಿನಿಮಾ ಸಿಕ್ಕಿತು, ಆಮೇಲೆ ಈ ಧಾರಾವಾಹಿ. ಇದರಲ್ಲಿ ಬರೀ ಅಳುವ ಅತ್ತೆ. ಇದರಲ್ಲಿ ನನ್ನದೊಂದು ಪಾತ್ರ ಬದುಕಿರುವ ತನಕ ಬೇರೆಲ್ಲೂ ನಟಿಸುವಂತಿಲ್ಲ, ಹಾಡುವಂತಿಲ್ಲ ಎಂದು ಒಪ್ಪಂದ.

ಇವತ್ತು ಗಟ್ಟಿ ಮನಸ್ಸು ಮಾಡಿ ನಿರ್ದೇಶಕರನ್ನು ಕೇಳಿಯೇಬಿಟ್ಟೆ.

"ಅತ್ತೇನ ಸಾಯಿಸಿಬಿಡಿ ಸಾರ್. ನಾನು ನಾಟಕಕ್ಕೆ ವಾಪಸ್ ಹೋಗ್ತೀನಿ."

ಅವರು ಹಿಗ್ಗಿಹೋದರು. "ಸಖತ್ತಾಗಿದೆ ಅಮ್ಮಾ! ನೀವು ಸಾಯ್ತೀರಿ, ಮಾರನೇ ದಿನವೇ ನಿಮ್ಮ ಅವಳಿ ತಂಗಿ ಬರ್ತಾಳೆ. ಅದೂ ನೀವೇ! ನಿಮಗೆ ಯಾವ ಪಾತ್ರ ತಾನೇ ಬರಲ್ಲ?"

ಸೆಟ್ಟಿನವರೆಲ್ಲ ಚಪ್ಪಾಳೆ ತಟ್ಟಿದರು.

"ಅವಳು ಹಾಡ್ತಾಳಾ?" ಎಂದು ಕೇಳಿದೆ.

"ಇಲ್ಲಮ್ಮಾ. ಪಾಪ, ಅವಳಿಗೆ ಮಾತೇ ಬರಲ್ಲ."

ನಾಳೆ ಅವಳ ಬಟ್ಟೆಗೆ ಅಳತೆ ಕೊಡಬೇಕಂತೆ, ಅಪ್ಪಾ. ಬರುತ್ತೇನೆ ಎಂದಿದ್ದೇನೆ.