ಮ್ಯಾಕವ್ವನ ದನಿ

12 ಜೂನ್ 2025, ಗುರುವಾರ

ಬಿಸಿನೀರು, ಉಪ್ಪು, ಗುಳು ಗುಳು. ಏನೂ ಪ್ರಯೋಜನವಿಲ್ಲ. ಗಂಟಲಲ್ಲಿ ಮರಳು ಕೂತ ಹಾಗೆ. ಯುಗಾದಿಯಿಂದ ಇದೇ ಗೋಳು. ಈ ಊರ ಬಿಸಿಲಿಗೆ ಗೋಡೆಯೇ ಬಿರುಕು ಬಿಡುತ್ತದೆ, ನನ್ನ ಗಂಟಲು ಯಾವ ಲೆಕ್ಕ.

ಸ್ಟುಡಿಯೋಗೆ ಹೋದರೆ ಕೆಳಗೆ ರೈಸ್ ಮಿಲ್ ನಡೆದಿತ್ತು. ಅದು ನಿಲ್ಲುವ ತನಕ ರೆಕಾರ್ಡಿಂಗ್ ಇಲ್ಲ. ಮಿಲ್ಲಿನವರದೇ ಚಾನೆಲ್, ಯಾರನ್ನು ಬೈಯುವುದು? ಹೊಸ ಮ್ಯಾನೇಜರ್ ಬಂದಿದ್ದ — ಶಿವರಾಜ, ಸಾಹುಕಾರರ ತಮ್ಮನ ಮಗ. ಇನ್ನೂ ಮೂವತ್ತಾಗಿಲ್ಲ. ಹಳೆಯ ಸಾಹೇಬರು ರಿಟೈರ್ ಆದರು. ಮುಗೀತು ಅಂದುಕೊಂಡೆ, ನಮ್ಮ ಮಕ್ಕಳ ಗೊಂಬೆಯಾಟ 'ಮೇಕಮ್ಮನ ಮನೆ' ಬಂದ್, ಗೊಂಬೆಗಳೆಲ್ಲ ಗಂಟುಮೂಟೆ, ಆ ಟೈಮಿಗೆ ಬಂಗಾರದಂಗಡಿ ಜಾಹೀರಾತು.

ಆತ ಕೇಳಿದ್ದು ಬೇರೆಯೇ. "ಮೇಡಂ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮ್ಯಾಕಿ ಯಾವೂರದು? ರಾಯಚೂರಾಗಿದ್ದು ಬೆಂಗಳೂರು ಮಾತು ಯಾಕ ಆಡ್ತದ? ಸಣ್ಣಾಂವ ಇದ್ದಾಗ ನಾನೂ ನೋಡ್ತಿದ್ದೆ. ನಮ್ಮವ್ವ ಅಂತಿದ್ಲು, ಇದು ಕಾಲೇಜಿಗೆ ಹೋದ ಮ್ಯಾಕಿ ಅಂತ."

ಎದ್ದು ಆತನ ಕೈ ಹಿಡಿಯಬೇಕು ಅನ್ನಿಸಿತು. ಇಪ್ಪತ್ತು ವರ್ಷ ನಾನು ಬಡಕೊಂಡ ಮಾತು! ಹಳೆಯ ಸಾಹೇಬರ ಮುಂದೆ ಜಗಳಾಡಿದ್ದೇನೆ, ಅತ್ತಿದ್ದೇನೆ. "ಟೀವಿ ಭಾಷೆ ಶುದ್ಧವಾಗಿರಬೇಕಮ್ಮಾ ಪೂರ್ಣಶ್ರೀ" — ಒಂದೇ ಪಾಠ. 'ಮನೆ' ಅನ್ನುವಲ್ಲಿ ಬಾಯಿ ತಪ್ಪಿ ಒಂದು 'ಮನಿ' ಬಂದರೂ ಕಟ್. ಮತ್ತೆ ಮೊದಲಿನಿಂದ.

19 ಜೂನ್, ಗುರುವಾರ

ಮೀಟಿಂಗ್. ಏನೇನು ಬದಲಾವಣೆ ಬೇಕು ಹೇಳಿರಿ ಅಂದ. ಹೇಳಿದೆ. ಬರೆದುಕೊಂಡ! ಇಲ್ಲಿ ಯಾರೂ ಬರೆದುಕೊಂಡಿದ್ದಿಲ್ಲ.

ಬೆತ್ತದ ಮಾಸ್ತರ್ ಗೊಂಬೆಗೆ ವಿದಾಯ. ಪ್ರತಿ ಭಾನುವಾರ ಕೊನೆಗೆ ಆತ ಮೇಕೆಗೆ ಬಾರಿಸುವುದು, ಮಕ್ಕಳು ನಗುವುದು. ನನಗೆ ಒಂದು ದಿನವೂ ಸೇರಲಿಲ್ಲ. ಇನ್ನು ಮೇಲೆ ದೇವದುರ್ಗ, ಮಾನ್ವಿ ಕಡೆಯ ಹಳ್ಳಿ ಶಾಲೆ ಮಕ್ಕಳು ಸೆಟ್ಟಿಗೇ ಬರುತ್ತಾರೆ. ಫೋನ್ ಮಾಡಿ ಮೇಕೆಯ ಜೊತೆ ಮಾತಾಡಬಹುದು. ಹೆಸರೂ ಹೊಸದು: 'ಮ್ಯಾಕವ್ವನ ಮನಿ'.

ವಲಿ ಪಾಷಾ ಮೂಲೆಯಲ್ಲಿ ಕೂತು ಮೇಕೆಯ ಕಿವಿ ಹೊಲಿಯುತ್ತಿದ್ದ. ಮೇಕೆ ನಮ್ಮಿಬ್ಬರದು — ಕೈ ಅವನದು, ಮಾತು ನನ್ನದು. ಟೇಬಲ್ ಕೆಳಗೆ ಭುಜಕ್ಕೆ ಭುಜ ತಾಗಿಸಿ ಕೂತು ಕೂತು ಇಬ್ಬರ ಬೆನ್ನೂ ಹೋಗಿದೆ. ಸ್ಕ್ರಿಪ್ಟ್ ಓದುವವನಲ್ಲ. ನಾನು ಉಸಿರು ಎಳೆದದ್ದು ಕೇಳಿ ಮೇಕೆಯ ಬಾಯಿ ತೆರೆಯುತ್ತಾನೆ. ಒಮ್ಮೆಯೂ ತಪ್ಪಿಲ್ಲ ಪುಣ್ಯಾತ್ಮ.

ಹೊರಗೆ ಬರುವಾಗ ಮೆಲ್ಲಗೆ ಅಂದ: "ಅಕ್ಕಾರ, ಆವಾಜ್ ಕರಾಬ್ ಆಗ್ಯಾದ. ಡಾಕ್ಟರ್‌ಗೆ ಜರಾ ತೋರಸ್ರಿ."

"ಉಪ್ಪಿನಕಾಯಿ ಜಾಸ್ತಿ ಆಗ್ಯಾದ ಪಾಷಾ, ಮತ್ತೇನಿಲ್ಲ" ಅಂದೆ.

28 ಜೂನ್, ಶನಿವಾರ

ಸ್ಕ್ರಿಪ್ಟ್ ಬರೆದೆ. ಮೊದಲ ಸಲ ನಮ್ಮ ಮಾತಿನಲ್ಲಿ. ಬರೆಯುತ್ತಾ ಒಬ್ಬಳೇ ನಕ್ಕೆ. ಮಾನ್ವಿಯಲ್ಲಿ ನಮ್ಮಜ್ಜಿ ಬೆಕ್ಕಿಗೆ ಬೈಯುತ್ತಿದ್ದ ಮಾತುಗಳನ್ನೆಲ್ಲ ಮೇಕೆಯ ಬಾಯಿಗೆ ಹಾಕಿದೆ. ಇವರು ಶಾಲೆಯಿಂದ ಬಂದವರು ಬಸ್ಸಿನ ಧೂಳು ಸಮೇತ ನಿಂತೇ ಓದಿದರು. ಮಾನ್ವಿಗೆ ದಿನಾ ಹೋಗಿ ಬಂದು ಹೈರಾಣಾದ ಮುಖದಲ್ಲೂ ನಗು.

"ಇದನ್ನ ನೀ ಅಂದ್ರೇ ಛಂದ" ಅಂದರು.

ಶಿವರಾಜನ ಫೋನು. "ಮೇಡಂ, ನಾಳೆ ಒಂದು ಟ್ರಯಲ್ ರೆಕಾರ್ಡ್ ಮಾಡಿಬಿಡೂಣು, ಹೆಂಗ ಕೇಳಸ್ತದ ನೋಡೂಣು." ಬೇಡ ಅಂದೆ. ಒಡಕು ದನಿಯಲ್ಲಿ ಮೊದಲ 'ಮನಿ' ಅನ್ನಲಾರೆ. ಇಷ್ಟು ವರ್ಷ ಕಾದದ್ದು ಕೆಮ್ಮುತ್ತ ಹೇಳುವುದಕ್ಕಲ್ಲ. ಹೊಸ ಗೊಂಬೆಗಳೆಲ್ಲ ಹೊಲಿದು ಮುಗಿಯುವುದೇ ಆಗಸ್ಟಿಗೆ. ಅಷ್ಟರೊಳಗೆ ಗಂಟಲು ಸರಿ ಮಾಡಿಕೊಳ್ಳುತ್ತೇನೆ.

6 ಜುಲೈ, ಭಾನುವಾರ, ಏಕಾದಶಿ

ಮೌನ ಹಿಡಿದೆ. ರಾಯರ ಆರಾಧನೆ ಮುಗಿಯುವವರೆಗೆ ಒಂದು ಮಾತೂ ಇಲ್ಲ. ನಮ್ಮ ತಾಯಿ ಚಾತುರ್ಮಾಸ್ಯದಲ್ಲಿ ಹಿಡಿಯುತ್ತಿದ್ದಳು, ಮುಗಿದ ಮೇಲೆ ದನಿ ಗಂಟೆಯ ಹಾಗೆ. ವ್ರತಕ್ಕೆ ವ್ರತ, ಗಂಟಲಿಗೆ ರೆಸ್ಟ್. ಡಾಕ್ಟರ್ ಕೂಡ ಬೇರೆ ಏನು ಹೇಳಿಯಾರು?

ಇವರು: "ಮೌನ ಹಿಡಿ, ಬ್ಯಾಡ ಅನ್ನೂದಿಲ್ಲ. ಮೊದ್ಲ ಒಮ್ಮೆ ತೋರಿಸಿಕೊಂಡು ಹಿಡಿ." ಆಗಲೇ ಸಂಕಲ್ಪ ಆಗಿತ್ತು. ಸ್ಲೇಟಿನಲ್ಲಿ ಬರೆದು ತೋರಿಸಿದೆ: ಆರಾಧನೆ ಆದ ಮೇಲೆ.

16 ಜುಲೈ

ತುಟಿ ಅಲುಗಿಸಿ ಪ್ರಾಕ್ಟೀಸ್. ಸದ್ದಿಲ್ಲದೆ. ಕನ್ನಡಿಯ ಮುಂದೆ ಹುಚ್ಚಿಯ ಹಾಗೆ.

ಪಾಷಾ ಹೊಸ ಮೇಕೆ ತಂದು ತೋರಿಸಿದ. ದೇವದುರ್ಗದಲ್ಲಿ ಅವನ ತಂಗಿ ಹೀರಾಬಿ ಹೊಲಿದದ್ದು, ಹಳೇ ಕೌದಿಯ ತುಂಡುಗಳಿಂದ. ಎಂಥ ಚೆಲುವೆ! ಒಂದು ಕಿವಿ ಹಸಿರು ಇಳಕಲ್ ಸೀರೆಯದು. ಕೈ ಒಳಗೆ ಹಾಕಿ ನನ್ನ ಕಡೆ ತಿರುಗಿಸಿದ. ರೂಢಿ... ನಾನು ಉಸಿರು ಎಳೆದೆ. ಮೇಕೆ ಬಾಯಿ ತೆರೆಯಿತು. ನಾನು ಸ್ಲೇಟು ಹಿಡಿದು ನಿಂತೆ. ಮೇಕೆ ಬಾಯಿ ಮುಚ್ಚಿತು. ಇಬ್ಬರೂ ನಕ್ಕೆವು, ನನ್ನದು ಬರೀ ಗಾಳಿ.

ಹೋಗುವಾಗ ಮತ್ತೆ ಅದೇ. "ಡಾಕ್ಟರ್ ಮುಂದ ಬಾಯಿ ತೆಗದ್ರ ಸಾಕ್ರಿ, ಮಾತಾಡೂದೇನೂ ಬೇಕಿಲ್ಲ. ವ್ರತಾನೂ ಮುರಿಯಂಗಿಲ್ಲ." ಎಲ್ಲರಿಗೂ ನನ್ನ ಗಂಟಲೇ ಬೇಕು ಈಗ.

2 ಆಗಸ್ಟ್

ನುಂಗಿದರೆ ಕಿವಿಯವರೆಗೂ ಚುಚ್ಚುತ್ತದೆ. ಅನ್ನ ಮೆತ್ತಗೆ ಮಾಡಿಕೊಂಡೆ. ಇನ್ನು ಕೆಲವೇ ದಿನ.

13 ಆಗಸ್ಟ್, ಬುಧವಾರ

ಮಠದಲ್ಲಿ ತೀರ್ಥ ತಗೊಂಡು ಮೌನ ಬಿಟ್ಟೆ. ಮೊದಲು ದೇವರ ಹೆಸರು ಅನ್ನಬೇಕು. ಅಂದೆ. ಪಕ್ಕದಲ್ಲಿ ಕೈಮುಗಿದು ನಿಂತವರು ನನ್ನ ಕಡೆ ತಿರುಗಿದರು... ಅದು ನನ್ನ ದನಿಯಲ್ಲ. ದನಿಯೇ ಅಲ್ಲ. ಚೀಲ ಎಳೆದ ಸಪ್ಪಳ.

ಅಭ್ಯಾಸ ತಪ್ಪಿದೆ ಅಂದುಕೊಂಡೆ. ಮಧ್ಯಾಹ್ನ ನೇರ ಸ್ಟುಡಿಯೋ. ಮಿಲ್ ನಿಲ್ಲಿಸಿದರು, ನನಗಾಗಿ. ಟೇಬಲ್ ಕೆಳಗೆ ಕೂತೆವು. ಉಸಿರು ಎಳೆದೆ, ಮೇಕೆ ಬಾಯಿ ತೆರೆಯಿತು, ನನ್ನ ಬಾಯಿಂದ ಗಾಳಿ. ಮತ್ತೊಮ್ಮೆ. ಮತ್ತೂ ಒಮ್ಮೆ. ಪಾಷಾ ಕೊನೆಗೆ ಕೈ ಇಳಿಸಿ ಗೊಂಬೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಶಿವರಾಜ ಹೆಡ್‌ಫೋನ್ ತೆಗೆದು "ಚಾ ತರಸ್ತೀನ್ರಿ" ಅಂತ ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ.

18 ಆಗಸ್ಟ್, ಸೋಮವಾರ

ಸ್ಟೇಷನ್ ರೋಡಿನ ಡಾಕ್ಟರ್. ಮೂಗಿನೊಳಗಿಂದ ಕ್ಯಾಮೆರಾ ಇಳಿಸಿದರು. ಸ್ಕ್ರೀನ್ ಮೇಲೆ ಏನೋ ಹೂಕೋಸಿನ ಹಾಗೆ. ಡಾಕ್ಟರ್ ಹೈದರಾಬಾದಿಗೆ ಚೀಟಿ ಬರೆದರು.

26 ಆಗಸ್ಟ್, ಹೈದರಾಬಾದ್

ಅದೇ ಅಂತೆ. ಹೆಸರು ಬರೆಯುವುದಿಲ್ಲ ಇಲ್ಲಿ. ದನಿಪೆಟ್ಟಿಗೆ ಪೂರ್ತಿ ತೆಗೆಯಬೇಕು. ಕುತ್ತಿಗೆಯಲ್ಲಿ ತೂತು, ಉಸಿರಾಟ ಅಲ್ಲಿಂದ. ಇವರು ಕೇಳಿದರು, ಕರೆಂಟು ಕೊಟ್ಟರೆ, ಅದೇ ರೇಡಿಯೇಶನ್, ನಡೆಯೋದಿಲ್ಲವೇ? ಡಾಕ್ಟರಮ್ಮ ತೆಲುಗು ಬೆರೆಸಿ ಹೇಳಿದಳು — ಜೂನಿನಲ್ಲಿ ಬಂದಿದ್ದರೆ ಬರೀ ಕರೆಂಟಿನಲ್ಲೇ ನೋಡಬಹುದಿತ್ತು, ದನಿ ಉಳಿಯುತ್ತಿತ್ತೇನೋ. ಯಾಕೆ ಸುಮ್ಮನಿದ್ದಿರಿ ಇಷ್ಟು ದಿನ?

ಸುಮ್ಮನಿದ್ದೆ. ನಿಜವಾಗಿಯೂ ಸುಮ್ಮನೇ ಇದ್ದೆನಲ್ಲ ತಾಯಿ.

ರೂಮಿಗೆ ಬಂದು ಅತ್ತೆ. ಅಳುವುದಕ್ಕೂ ಸದ್ದು ಬೇಕು ಅಂತ ಗೊತ್ತಿರಲಿಲ್ಲ.

2 ಸೆಪ್ಟೆಂಬರ್, ಮಂಗಳವಾರ

ನಾಡಿದ್ದು ಆಪರೇಷನ್. ಶಿವರಾಜ, ಪಾಷಾ ರೈಲು ಹಿಡಿದು ಇಲ್ಲಿಗೆ ಬಂದಿದ್ದರು. ಶಿವರಾಜ ಮಂಚದ ಹತ್ತಿರ ಬಗ್ಗಿ: "ಮೇಡಂ, ಫಿಕರ್ ಮಾಡಬ್ಯಾಡ್ರಿ. ನಿಮ್ಮ ಹಳೇ ಎಪಿಸೋಡ್ ಎಲ್ಲಾ ಅದಾವ. ಎಐಗೆ ಹಾಕ್ತೀನಿ. ಡಿಟ್ಟೋ ನಿಮ್ಮ ದನಿ ಮಾಡಿಕೊಡ್ತದ. ಮ್ಯಾಕವ್ವ ನೀವೇ."

ಇವರ ಮುಖ ಅರಳಿತು. ನನ್ನದೂ. ಹೋಗುವುದು ಬರೀ ಮಾಂಸದ ತುಂಡು, ದನಿ ಇರುತ್ತದೆ. ನಮ್ಮ ಮಾತು ನನ್ನ ದನಿಯಲ್ಲಿ. ಇಷ್ಟು ಸಿಕ್ಕರೆ ಸಾಕು, ಬೇರೆ ಏನೂ ಕೇಳುವುದಿಲ್ಲ ರಾಯರೇ.

9 ಅಕ್ಟೋಬರ್

ಮನೆ. ಕುತ್ತಿಗೆಗೆ ಅರಿವೆ. ಕೆಮ್ಮಿದರೆ ಅಲ್ಲಿಂದ. ಪಡಸಾಲೆಯ ಕನ್ನಡಿ ತೆಗೆಸಿದೆ.

18 ಅಕ್ಟೋಬರ್, ಶನಿವಾರ

ಎಐ ದನಿ ತಂದರು. ಶಿವರಾಜ ಫೋನ್ ಟೇಬಲ್ ಮೇಲೆ ಇಟ್ಟ, ಪಾಷಾ ಗೊಂಬೆ ತಂದಿದ್ದ. ಇವರು ಫ್ಯಾನ್ ಬಂದ್ ಮಾಡಿದರು.

"ಮಕ್ಕಳೇ, ನಾನು ನಿಮ್ಮ ಪ್ರೀತಿಯ ಮೇಕಮ್ಮ. ನನ್ನ ಮನೆಗೆ ಬನ್ನಿರಿ."

ನನ್ನ ದನಿ! ಮೂವತ್ತರ ಹರೆಯದ್ದು. ಎಷ್ಟು ಸ್ವಚ್ಛ. ಇವರು ಕಣ್ಣೊರೆಸಿಕೊಂಡರು.

ಹೊಸ ಸ್ಕ್ರಿಪ್ಟ್ ಹಾಕು ಅಂತ ಸನ್ನೆ ಮಾಡಿದೆ. ಶಿವರಾಜ ತಡೆದ. "ಅದು... ಇನ್ನೂ ಸ್ವಲ್ಪ ಸೆಟ್ ಆಗಬೇಕ್ರಿ." ಮತ್ತೆ ಸನ್ನೆ ಮಾಡಿದೆ. ಹಾಕಿದ. ನಮ್ಮಜ್ಜಿಯ ಮಾತು ಬಂತು, ಆದರೆ ಬೆಂಗಳೂರಿನಿಂದ ಟೂರಿಗೆ ಬಂದವರು ಬೋರ್ಡ್ ಓದಿದ ಹಾಗೆ. 'ಮನಿ' ಅಂದರೆ ಇಂಗ್ಲಿಷಿನ ರೊಕ್ಕ ಅಂದ ಹಾಗೆ ಕೇಳಿಸುತ್ತದೆ. 'ಮಾಡಾಕತ್ತೀನಿ' ಅನ್ನುವಲ್ಲಿ ಮುಗ್ಗರಿಸಿ ಬಿದ್ದಿತು. ಪಾಷಾನಿಗೆ ನಗು ತಡೆಯಲಿಲ್ಲ, ನಕ್ಕುಬಿಟ್ಟ. ಆಮೇಲೆ ಯಾರೂ ನಗಲಿಲ್ಲ.

"ಇದು ಕೇಳಿದ್ದನ್ನ ಕಲೀತದ್ರಿ" ಅಂದ ಶಿವರಾಜ. "ನೀವು ನಮ್ಮ ಮಾತು ಆಡಿದ್ದು ಎಲ್ಯಾರೆ ರೆಕಾರ್ಡ್ ಇದ್ರ ಕೊಡ್ರಿ. ಮದುವಿ ಕ್ಯಾಸೆಟ್, ಏನಾರ..."

ಇವರು ಎರಡೂ ಫೋನು ಹುಡುಕಿದರು. ನಾವು ಮೆಸೇಜ್ ಟೈಪ್ ಮಾಡುವವರು. ಮದುವೆ ವಿಡಿಯೋದಲ್ಲಿ ನಾನು ತಲೆ ಬಗ್ಗಿಸಿ ಕೂತಿದ್ದೇನೆ, ಮೇಲೆ ಸಿನಿಮಾ ಹಾಡು. ಎಲ್ಲೂ ಇಲ್ಲ. ಇಪ್ಪತ್ತು ವರ್ಷದ ನನ್ನ ದನಿ ಗೋಡೌನ್ ತುಂಬ ಇದೆ, ನನ್ನ ಮಾತು ಒಂದಾದರೂ ಇಲ್ಲ. ಒಂದು ಬಂದಾಗಲೆಲ್ಲ ಕಟ್ ಮಾಡಿದರಲ್ಲ.

ಆ ಜೂನಿನ ಟ್ರಯಲ್. ಒಡಕು ದನಿಯಾದರೆ ಏನಾಗುತ್ತಿತ್ತು ನನಗೆ?

ಸ್ಲೇಟಿನಲ್ಲಿ ಬರೆದೆ: ಬೇರೆಯವರನ್ನು ನೋಡಿರಿ.

27 ಅಕ್ಟೋಬರ್

ಹುಡುಗಿ ಸಿಕ್ಕಳಂತೆ. ಕಾವ್ಯಾ, ಅರಕೇರಾದವಳು. ಡಿಗ್ರಿ ಓದುತ್ತಾಳೆ. ಕಾಲಿಗೆ ಬಿದ್ದಳು. "ನಿಮ್ಮಂಗ ಬರಂಗಿಲ್ರಿ ಅಕ್ಕಾರ, ಹೇಳಿಕೊಡ್ರಿ." ಹೇಗೆ ಹೇಳಿಕೊಡಲಿ? ದನಿಯನ್ನು ಸ್ಲೇಟಿನ ಮೇಲೆ ಬರೆಯಲಾ? ಆದರೂ ಓದಿಸಿದೆ. ಚೆನ್ನಾಗಿದ್ದಾಳೆ. ತುಂಬಾ ಚೆನ್ನಾಗಿದ್ದಾಳೆ. ನಾನು ಬರೆದದ್ದರಲ್ಲಿ ನಾನೇ ಕಾಣದ ನಗು ಹುಡುಕಿ ತೆಗೆದಳು. ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ.

9 ನವೆಂಬರ್, ಭಾನುವಾರ

ಮೊದಲ ಎಪಿಸೋಡ್, ಟೀವಿಯಲ್ಲಿ ನೋಡಿದೆ. ದೇವದುರ್ಗದ ಮಕ್ಕಳು ಸೆಟ್ಟಿನಲ್ಲಿ. ಬೆತ್ತವಿಲ್ಲ. ಒಂದು ಮಗು ಎದ್ದು ಬಂದು ಮೇಕೆಗೆ ನಿಜವಾದ ಸೊಪ್ಪು ತಿನ್ನಿಸಿತು. ನಾನು ಬಯಸಿದ್ದೆಲ್ಲ ಇದೆ, ಒಂದೂ ಬಿಟ್ಟಿಲ್ಲ. ಪಾಷಾನ ಕೈ ಕಾವ್ಯಾಳ ಮಾತಿಗಿಂತ ಚೂರು ಹಿಂದೆ. ಯಾರಿಗೂ ಗೊತ್ತಾಗಲಿಕ್ಕಿಲ್ಲ.

ಓಣಿಯಲ್ಲಿ ಮಕ್ಕಳೆಲ್ಲ ಮ್ಯಾಕವ್ವನ ಮಾತೇ ಅನ್ನುತ್ತ ಓಡಾಡುತ್ತಿವೆ. ನಾಳೆ ನಮ್ಮ ಶಾಲೆಯಲ್ಲೂ ಇದೇ ಅಂದರು ಇವರು.

17 ನವೆಂಬರ್

ಜ್ವರ. ಹೈದರಾಬಾದಿಗೆ ಮತ್ತೆ ಬರಲಿಕ್ಕೆ ಹೇಳಿದ್ದಾರೆ. ಸ್ಕ್ಯಾನ್ ನೋಡಬೇಕಂತೆ. ಕುತ್ತಿಗೆಯ ಎಡಕ್ಕೆ ಇನ್ನೊಂದು ಗಂಟು. ಇವರಿಗೆ ಇನ್ನೂ ತೋರಿಸಿಲ್ಲ.

30 ನವೆಂಬರ್, ಭಾನುವಾರ

ಇವತ್ತು ಮೊದಲ ಸಲ ಲೈವ್. ಮಕ್ಕಳ ಫೋನು. ಮೂರನೆಯದು ಮಾನ್ವಿಯಿಂದ, ಒಂದು ಪುಟ್ಟ ಹುಡುಗಿ.

"ಮ್ಯಾಕವ್ವ, ಮೊದ್ಲ ಒಬ್ಬಾಕಿ ಮೇಕಮ್ಮ ಇದ್ಲಲ್ಲ, ಬುಕ್ಕಿನ್ಯಾಗಿದ್ದಂಗ ಮಾತಾಡಾಕಿ... ಆಕಿ ಎಲ್ಲಿ ಹೋದ್ಲು?"

ಸ್ಕ್ರಿಪ್ಟಿನಲ್ಲಿ ಇಲ್ಲದ ಪ್ರಶ್ನೆ. ಕಾವ್ಯಾ ಜಾಣೆ, ತಡವರಿಸಲಿಲ್ಲ. "ಆಕೀನಾ? ಆಕಿ ನಮ್ಮಾಕಿ ಅಲ್ಲವ್ವ. ಯಾರೋ ಪರವೂರಾಕಿ. ತನ್ನ ಊರಿಗೆ ತಾ ಹೋದ್ಲು."

ಸೆಟ್ಟಿನ ಮಕ್ಕಳೆಲ್ಲ ನಕ್ಕರು, ಚಪ್ಪಾಳೆ. ಮಾತು ಮುಗಿದರೂ ಮೇಕೆಯ ಬಾಯಿ ತೆರೆದೇ ಇತ್ತು. ಪಾಷಾ ಮುಚ್ಚಲಿಲ್ಲ. ಜಾಹೀರಾತು ಹಾಕಿದರು.

ಇವರು ಟೀವಿ ಆರಿಸಿದರು. "ಸಣ್ಣ ಹುಡುಗಿ. ಬಾಯಿಗೆ ಬಂದದ್ದು ಅಂದದ, ಮನಸಿಗೆ ಹಚ್ಕೋಬ್ಯಾಡ." ನನಗೂ ಗೊತ್ತು. ಅವಳದೇನೂ ತಪ್ಪಿಲ್ಲ. ಮೇಕಮ್ಮ ಪರವೂರಿನವಳೇ ಹೌದು. ಆ ಮಗುವಿಗೆ ಒಂದು ಮಾತು ಹೇಳಬೇಕಿತ್ತು, ಅಷ್ಟೇ. ಫೋನ್ ತಗೊಂಡು ಏನು ಮಾಡಲಿ? ಇಲ್ಲೇ ಬರೆಯುತ್ತೇನೆ.

ಕೂಸ, ನಾ ಮಾನ್ವ್ಯಾಕೀನ. ನಿಮ್ಮೂರಾಕಿ. ಹುಟ್ಟಿದ್ದು ಬೆಳದದ್ದು ಎಲ್ಲಾ ಅಲ್ಲೇ. ನಮ್ಮ ಮನ್ಯಾಗ ಯಾರೂ ಹಂಗ ಮಾತಾಡ್ತಿದ್ದಿಲ್ಲ. ಆ ಮಾತು ನಂದಲ್ಲವ್ವ. ನಂದು ನೀ ಕೇಳೇ ಇಲ್ಲ. ನಂದು ಹೆಂಗಿತ್ತಂದ್ರ, ನಾ ಬಾಯಿ ತೆಗದು ಒಮ್ಮೆ ಮನಿ ಅಂದ್ರ —